ವೂಶ್! ರೇಡಿಯೋದವರಿಗೆ, ಒಂಬತ್ತು ಗಂಟೆ ಹತ್ತು ನಿಮಿಷದ ಬಗ್ಗೆ

ಕಿಲ್‌ತುಬ್ಬರ್
ಸೋಮವಾರ, ಮಾರ್ಚಿ ನಾಲ್ಕು

ಡಬ್ಲಿನ್ ನಗರದ ಗಾಜಿನ ಕಟ್ಟಡವೊಂದರ ಆರನೆಯ ಮಹಡಿಯಲ್ಲಿ ಕುಳಿತು ನಮ್ಮೂರಿನ ಕಿವಿಗಳ ಯೋಗಕ್ಷೇಮ ನೋಡಿಕೊಳ್ಳುತ್ತಿರುವ, ವೂಶ್! ಬಾನುಲಿಯ ಮುಖ್ಯ ಬ್ರಾಂಡ್ ಅಧಿಕಾರಿಗಳಾದ ಶ್ರೀ ಫಿಂಟನ್ ಪ್ರೆಂಡರ್‌ಗಾಸ್ಟ್ ಅವರ ಸನ್ನಿಧಿಗೆ, ಐರ್ಲೆಂಡಿನ ಪಶ್ಚಿಮದ ಅಂಚಿನಲ್ಲಿ, ಕಿಲ್‌ತುಬ್ಬರ್ ಪೇಟೆಯ ಚರ್ಚ್ ಬೀದಿಯ ಕೊನೆಯ ಮನೆಯಲ್ಲಿ ವಾಸವಾಗಿರುವ ಡೀಲಿಯಾ ಕ್ವಿಲ್ಟಿ ಎಂಬ ಎಪ್ಪತ್ತಾರು ವರ್ಷದ ಹೆಂಗಸು ಮಾಡುವ ಅನಂತ ವಂದನೆಗಳು.

ಮಾನ್ಯರೇ,

ತಾವು ಫೆಬ್ರವರಿ ಮೊದಲ ವಾರದಲ್ಲಿ ಬಣ್ಣದ ಬಸ್ಸಿನಲ್ಲಿ ಕಳಿಸಿಕೊಟ್ಟ ಕಪ್ಪು ಕನ್ನಡಕ ಕ್ಷೇಮವಾಗಿ ತಲುಪಿದೆ. ಅಂದು ಇಲ್ಲಿ ಆಲಿಕಲ್ಲು ಬೀಳುತ್ತಿತ್ತು; ತಮ್ಮ ಕಡೆಯ ಇಬ್ಬರು ಹುಡುಗಿಯರು ತೋಳಿಲ್ಲದ ಅಂಗಿ ತೊಟ್ಟು ಕಸ್ಯಾಕ್‌ರ ಅಂಗಡಿಯ ಮುಂದೆ ಗಡಗಡ ನಡುಗುತ್ತ ಕನ್ನಡಕ ಹಂಚುತ್ತಿದ್ದುದನ್ನು ಕಂಡು, ಒಬ್ಬೊಬ್ಬಳಿಗೂ ಒಂದೊಂದು ಲೋಟ ಬಿಸಿ ಚಹಾ ಕೊಟ್ಟು, ಅವರ ಹೊರೆ ಇಳಿಯಲೆಂದು ಮೂರು ಕನ್ನಡಕ ತೆಗೆದುಕೊಂಡೆ. ನಮ್ಮ ಕಡೆ ಸೂರ್ಯ ಮುಖ ತೋರಿಸುವುದು ಜೂನ್ ತಿಂಗಳ ಎರಡು ಮಧ್ಯಾಹ್ನ ಮಾತ್ರವಾದರೂ ಈರುಳ್ಳಿ ಹೆಚ್ಚುವಾಗ ಅದನ್ನು ಹಾಕಿಕೊಳ್ಳುತ್ತಿದ್ದೇನೆ. ತುಂಬ ಉಪಯೋಗಕ್ಕೆ ಬಂದಿದೆ.

ಹೊಸ ಹೆಸರನ್ನೂ ಮೆಚ್ಚಿಕೊಳ್ಳದೆ ಮುಂದೆ ಹೋಗುವುದು ಸೌಜನ್ಯವಲ್ಲ. 'ವೂಶ್!' ಎಂಬುದನ್ನು ಹುಡುಕಿ ತೆಗೆಯಲು ತಮ್ಮ ತಂಡಕ್ಕೆ ಎಂಟು ತಿಂಗಳು ಹಿಡಿಯಿತೆಂದು ಪತ್ರಿಕೆಯಲ್ಲಿ ಓದಿದೆ. ನಮ್ಮ ನಿಲ್ದಾಣದಲ್ಲಿ ಕೈ ಎತ್ತಿ ನಿಂತವರನ್ನು ಬಿಟ್ಟು ಮುಂದೆ ಹೋಗುವ ಬಸ್ಸು ದಿನವೂ ಇದೇ ಸದ್ದು ಮಾಡುತ್ತಿದ್ದರೂ, ಅದನ್ನು ಒಂದು ಹೆಸರೆಂದು ಗುರುತಿಸುವ ಬುದ್ಧಿ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಕೊನೆಯ ಆಶ್ಚರ್ಯಸೂಚಕ ಚಿಹ್ನೆಯೂ ಹೆಸರಿನ ಅಂಗವೇ ಎಂದೂ, ಅದನ್ನು ಬಿಟ್ಟು ಬರೆಯುವುದು ತಪ್ಪೆಂದೂ ತಾವು ಕನ್ನಡಕದ ಜೊತೆ ಕಳಿಸಿದ ಕರಪತ್ರದಲ್ಲಿ ತಿಳಿಸಿರುವುದರಿಂದ ಈ ಪತ್ರದಲ್ಲಿ ನಾನು ಅದನ್ನು ಎಲ್ಲಿಯೂ ಬಿಟ್ಟಿಲ್ಲ, ಆಶ್ಚರ್ಯವಾಗದ ಕಡೆಯಲ್ಲೂ ಹಾಕಿದ್ದೇನೆ.

ಅದೇ ಕರಪತ್ರದ ಬೆನ್ನಿಗೆ 'ನಮ್ಮ ಕಥೆ' ಎಂದು ಮೂರು ಸಾಲು ಅಚ್ಚು ಹಾಕಿಸಿದ್ದೀರಿ. ಅದರ ಪ್ರಕಾರ ತಮ್ಮ ಕೇಂದ್ರ ಹುಟ್ಟಿದ್ದು ಈ ಫೆಬ್ರವರಿಯಲ್ಲಿ. ಅದಕ್ಕಿಂತ ಹಿಂದಿನ ಮೂವತ್ತೈದು ವರ್ಷಗಳು ಜಾಗ ಸಾಲದೆ ಬಿಟ್ಟುಹೋಗಿರಬೇಕೆಂದು ಭಾವಿಸಿ, ಅವನ್ನು ನಾನೇ ಒದಗಿಸುವ ಧೈರ್ಯ ಮಾಡುತ್ತಿದ್ದೇನೆ. ತಮಗೆ ಬೇಡವಾದರೂ ತಮ್ಮ ನಂತರ ಆ ಕುರ್ಚಿಗೆ ಬರುವವರಿಗೆ ಬೇಕಾಗಬಹುದು.

ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ ಸರ್ಕಾರ ಊರೂರಿಗೂ ಖಾಸಗಿ ರೇಡಿಯೋಕ್ಕೆ ಪರವಾನಗಿ ಕೊಟ್ಟಾಗ ನಮ್ಮ ಕೇಂದ್ರ ಶುರುವಾದದ್ದು ಕಸ್ಯಾಕ್‌ರ ಕುರಿ ಮೇವಿನ ಅಂಗಡಿಯ ಅಟ್ಟದ ಮೇಲೆ. ಹೊರಗಿನ ಗದ್ದಲ ಒಳಗೆ ಬಾರದಿರಲೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇ ಬಡಿಯಬೇಕೆಂದರು. ಊರಿಗೆ ಊರೇ ಒಂದು ತಿಂಗಳು ಮೊಟ್ಟೆ ತಿಂದು ಖಾಲಿ ಟ್ರೇ ಒದಗಿಸಿತು, ಅದರಲ್ಲಿ ಹದಿನಾಲ್ಕು ನಮ್ಮ ಮನೆಯವು. ಆದರೂ ಮೇವಿನ ಲಾರಿ ಬಂದಾಗ ವಾರ್ತೆ ಓದುವವನು, "ಕೆಳಗೆ ಲಾರಿ ಬಂತು, ಅದು ಹೋಗ್ಲಿ, ಆಮೇಲೆ ಹೇಳ್ತೀನಿ," ಎಂದು ಒಂದು ಹಾಡು ಹಾಕಿ ಸುಮ್ಮನಾಗುತ್ತಿದ್ದ. ಹೆಸರು ಇಡಲು ಎಂಟು ತಿಂಗಳು ಹಿಡಿಯಲಿಲ್ಲ. ರೇಡಿಯೋ, ಇರುವುದು ಕಿಲ್‌ತುಬ್ಬರಿನಲ್ಲಿ, ಆದ್ದರಿಂದ 'ರೇಡಿಯೋ ಕಿಲ್‌ತುಬ್ಬರ್' ಎಂದು ಕರೆದು ಎಲ್ಲರೂ ಕೆಲಸಕ್ಕೆ ಹೋದರು.

ಮೊದಲ ದಿನವೇ ಒಂದು ಅಚಾತುರ್ಯವಾಯಿತು. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನಿಧನ ವಾರ್ತೆ ಓದಲು ಬೇರೆ ಊರಿನಿಂದ ಕರೆಸಿದ ದೊಡ್ಡ ಗಂಟಲಿನ ಗಂಡಸು, ನಮ್ಮ ಹಳ್ಳಿಗಳ ಹೆಸರನ್ನೆಲ್ಲ ಕಲ್ಲಿನ ಮೇಲೆ ಗಾಡಿ ಹೊಡೆದ ಹಾಗೆ ಓದಿಬಿಟ್ಟ. ಅಂಚೆ ಹಂಚುತ್ತಿದ್ದ ಜಾರ್ಲತ್ ಟೂಹಿ ಚೀಲ ಹೆಗಲಲ್ಲೇ ಇಟ್ಟುಕೊಂಡು ಅಟ್ಟ ಹತ್ತಿ, "ಅಲ್ಲಪ್ಪಾ, ಸತ್ತೋರ ಊರಿನ ಹೆಸರನ್ನಾದ್ರೂ ಸರಿಯಾಗಿ ಹೇಳು. ಅವರಂತೂ ಬಂದು ತಿದ್ದೋಕಾಗಲ್ಲ," ಎಂದ. ಅಲ್ಲಿ ಟೈಪ್ ಮಾಡಲು ಸೇರಿಕೊಂಡಿದ್ದ ಇಪ್ಪತ್ತೊಂದು ವರ್ಷದ ಇಮೆಲ್ಡಾ ಕೋಯ್ನ್‌ಳಿಗೆ ಅರ್ಧ ಹೆಸರು ಗೊತ್ತಿದ್ದವು. ಉಳಿದರ್ಧವನ್ನು ಜಾರ್ಲತ್ ವಾರವಿಡೀ ಸಂಜೆ ಕೂತು ಹೇಳಿಕೊಟ್ಟ. ಮುಂದಿನ ಸೋಮವಾರದಿಂದ ಇಮೆಲ್ಡಾ ಓದಿದಳು, ಈ ಜನವರಿ ಮುಗಿಯುವ ತನಕ ಅವಳೇ ಓದಿದಳು.

ಅವಳು ಓದುವ ರೀತಿ ತಾವು ಕೇಳಿರಲಾರಿರಿ. ಹೆಸರು, ಮನೆ, ಮನೆಯಲ್ಲಿ ದರ್ಶನ ಎಷ್ಟು ಗಂಟೆಯಿಂದ ಎಷ್ಟರ ತನಕ, ಇಗರ್ಜಿಯಲ್ಲಿ ಪೂಜೆ ಯಾವಾಗ, ಮಣ್ಣು ಎಲ್ಲಿ, ಇಷ್ಟೇ. ಆಮೇಲೆ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರುತ್ತಿದ್ದಳು. ಆ ಒಂದು ಉಸಿರಿನಲ್ಲಿ ನಾವು, ದೇವರು ಅವರಿಗೆ ಶಾಂತಿ ಕೊಡಲಿ ಎನ್ನುತ್ತಿದ್ದೆವು, ಯಾರ ಕಾರಿನಲ್ಲಿ ಹೋಗುವುದೆಂದು ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಒಲೆಯ ಮೇಲಿನ ಕೆಟಲನ್ನು ಒಂಬತ್ತು ಗಂಟೆ ಎಂಟು ನಿಮಿಷಕ್ಕೇ ಇಳಿಸಿಬಿಡುವುದು ನಮ್ಮೂರಿನಲ್ಲಿ ಹುಟ್ಟಿನಿಂದ ಬಂದ ಅಭ್ಯಾಸ. ಸತ್ತವರ ಮನೆಗೆ ನಾನೂರು ಜನ ಬರುವುದರಿಂದಲೂ, ನಾನೂರು ಜನಕ್ಕೂ ಹ್ಯಾಮ್ ಇಟ್ಟ ಬ್ರೆಡ್ಡು ಬೇಕಾಗುವುದರಿಂದಲೂ, ಆ ಹತ್ತು ನಿಮಿಷದ ಪ್ರಾಯೋಜಕ, ಮೇವಿನ ಜೊತೆ ದಿನಸಿಯನ್ನೂ ಮಾರತೊಡಗಿದ್ದ ಕಸ್ಯಾಕ್‌ರ ಬೇಯಿಸಿದ ಹ್ಯಾಮ್ ಆಗಿತ್ತು. ತಮ್ಮದು ವಾಣಿಜ್ಯ ಕೇಂದ್ರವಾದ್ದರಿಂದ ಈ ಅಂಶ ತಮ್ಮ ಮನಸ್ಸಿಗೆ ಬೇಗ ನಾಟೀತೆಂದು ಬರೆದಿದ್ದೇನೆ.

ಎರಡು ಸಾವಿರದ ಒಂಬತ್ತರಲ್ಲಿ ಕೇಂದ್ರವನ್ನು ಯಾರೋ ಕೊಂಡು 'ಕೆ-ತೊಂಬತ್ತಾರು' ಎಂದು ಮರುನಾಮಕರಣ ಮಾಡಿದರು. ಅದರ ವಿಷಯ ಮುಂದೆ ಹೇಳುವುದಿದೆ. ಎರಡು ಸಾವಿರದ ಹದಿನಾರರಲ್ಲಿ ಇನ್ಯಾರೋ ಕೊಂಡು 'ರಿವರ್ ಎಫ್‌ಎಂ' ಎಂದರು. ಕಿಲ್‌ತುಬ್ಬರಿನಲ್ಲಿ ನದಿಯಿಲ್ಲ, ಜಾನುವಾರು ಸಂತೆಯ ಹಿಂದೆ ಒಂದು ಕಾಲುವೆ ಇದೆ, ಬೇಸಿಗೆಯಲ್ಲಿ ಅದೂ ಇರುವುದಿಲ್ಲ. ಆದರೂ ನಾವು ಯಾರೂ ತಕರಾರು ಮಾಡಲಿಲ್ಲ, ಏಕೆಂದರೆ ಬಾಗಿಲ ಮೇಲಿನ ಹಲಗೆ ಎಷ್ಟು ಸಲ ಬದಲಾದರೂ ಒಂಬತ್ತು ಹತ್ತಕ್ಕೆ ಇಮೆಲ್ಡಾ ಬಂದು ಕೂರುತ್ತಿದ್ದಳು. ನಮಗೆ ರೇಡಿಯೋ ಎಂದರೆ ಆ ಹತ್ತು ನಿಮಿಷ; ಉಳಿದ ಹೊತ್ತು ಅದು ಮಾತಾಡಿಕೊಳ್ಳಲಿ ಎಂದು ಬಿಟ್ಟಿದ್ದೆವು.

ತಮ್ಮ ಸಮೀಕ್ಷೆಯಲ್ಲಿ ಹದಿನೆಂಟರಿಂದ ಮೂವತ್ತನಾಲ್ಕು ವಯಸ್ಸಿನವರು ಸಾವನ್ನು 'ಉತ್ಸಾಹ ಕುಗ್ಗಿಸುವ ವಿಷಯ' ಎಂದು ಅಭಿಪ್ರಾಯಪಟ್ಟಿದ್ದಾರಂತೆ. ಎಪ್ಪತ್ತಾರರವರನ್ನು ಕೇಳಿದ್ದರೆ ನಾವೂ ಅದನ್ನೇ ಹೇಳುತ್ತಿದ್ದೆವು. ಅದಿರಲಿ, ಇಮೆಲ್ಡಾಳಿಗೆ ಒಂದು ಹೂಗುಚ್ಛ, 'ವೂಶ್!' ಎಂದು ಬರೆದ ಒಂದು ಮಗ್ಗು ಕೊಟ್ಟು ಮನೆಗೆ ಕಳಿಸಿ, ಒಂಬತ್ತು ಹತ್ತಕ್ಕೆ 'ಯಾವ ಸದ್ದು?' ಎಂಬ ಸ್ಪರ್ಧೆ ಶುರುಮಾಡಿದ್ದೀರಿ. ಮೊದಲ ವಾರದ ಸದ್ದು ಕೊಡೆ ಬಿಚ್ಚುವುದು. ನಾನು ಕಿಲ್‌ತುಬ್ಬರ್ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹತ್ತೊಂಬತ್ತು ವರ್ಷ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೂತವಳು, ಮೊದಲ ಸಲಕ್ಕೇ ಗೊತ್ತಾಯಿತು, ಆದರೆ ಫೋನ್ ಮಾಡಲಿಲ್ಲ. ನಿಧನ ವಾರ್ತೆಗಳನ್ನು ಆ್ಯಪ್‌ನಲ್ಲಿ, 'ಬದುಕಿನ ಕ್ಷಣಗಳು' ಎಂಬ ಕಡೆ, ಹುಟ್ಟುಹಬ್ಬಗಳಿಗೂ ಸಂಗೀತ ಕಚೇರಿಯ ಟಿಕೆಟ್ಟಿಗೂ ನಡುವೆ ಇರಿಸಿದ್ದೀರೆಂದು ಗ್ರಂಥಾಲಯದ ಹುಡುಗಿ ಹೇಳಿದಳು. ಅವಳೇ ನನ್ನ ಫೋನಿಗೆ ಅದನ್ನು ಹಾಕಿಯೂ ಕೊಟ್ಟಳು.

ಈಗ ನನ್ನ ದೂರಿಗೆ ಬರುತ್ತೇನೆ. ಇಷ್ಟು ಸುತ್ತಿ ಬಂದದ್ದನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು.

ಫೆಬ್ರವರಿ ಹದಿನೇಳರ ಶನಿವಾರ ಮಾಂಸದಂಗಡಿಯ ಸಾಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಯಾರೋ, "ಏನೇ ಡೀಲಿಯಾ, ಜಾರ್ಲತ್‌ನ ಮಣ್ಣಿಗೆ ನೀನು ಬರಲೇ ಇಲ್ವಲ್ಲೇ?" ಎಂದರು. "ಯಾವ ಜಾರ್ಲತ್?" ಎಂದೆ. "ಟೂಹಿ ಕಣೇ. ಗುರುವಾರ ಮಣ್ಣು ಮಾಡಿದ್ರು. ನಿಂಗೆ ಗೊತ್ತಿಲ್ವಾ?" ಎಂದರು. ಕಟುಕ ಕತ್ತಿ ಕೆಳಗಿಟ್ಟು ನನ್ನ ಮುಖ ನೋಡಿದ. ಸಾಸೇಜು ತೆಗೆದುಕೊಂಡೆನೋ ಬಿಟ್ಟೆನೋ ಈಗ ನೆನಪಿಲ್ಲ.

ಗೊತ್ತಿರಲಿಲ್ಲ, ಮಾನ್ಯರೇ. ಎರಡು ಬೀದಿ ಆಚೆ ಒಬ್ಬ ಮನುಷ್ಯ ಮಂಗಳವಾರ ಸತ್ತು ಗುರುವಾರ ಮಣ್ಣಾದದ್ದು ನನಗೆ ಗೊತ್ತಿರಲಿಲ್ಲ. ಅಕ್ಕಪಕ್ಕದವರು ಹೇಳಬಾರದಿತ್ತೇ ಎಂದು ತಾವು ಕೇಳಬಹುದು. ನಮ್ಮೂರಿನಲ್ಲಿ ಒಬ್ಬರಿಗೊಬ್ಬರು ಸಾವಿನ ಸುದ್ದಿ ಹೇಳುವ ರೂಢಿ ಮೂವತ್ತೈದು ವರ್ಷದಿಂದ ತಪ್ಪಿಹೋಗಿದೆ. ಒಂಬತ್ತು ಹತ್ತಕ್ಕೆ ಎಲ್ಲರೂ ಕೇಳಿಯೇ ಇರುತ್ತಾರೆಂದು ಎಲ್ಲರೂ ತಿಳಿದಿರುತ್ತಾರೆ. ಮೇಲಾಗಿ ಟೂಹಿ ಮನೆಯ ಸುದ್ದಿಯನ್ನು ನನ್ನ ಮುಂದೆ ಎತ್ತಲು ಜನ ಹಿಂದೆಮುಂದೆ ನೋಡುತ್ತಾರೆ, ಅದಕ್ಕೆ ಕಾರಣವನ್ನು ಕೆಳಗೆ ನಿವೇದಿಸುತ್ತೇನೆ. ತಮ್ಮ ಆ್ಯಪ್ ಮಾತ್ರ ಕರ್ತವ್ಯ ಮರೆಯಲಿಲ್ಲ. ಮಣ್ಣಾಗಿ ಒಂಬತ್ತನೆಯ ದಿನ ಅದು ಟಿಣ್ ಎಂದು, 'ವಾವ್ ಡೀಲಿಯಾ! ನಿಮ್ಮ ಹತ್ತಿರದಲ್ಲೇ ಒಂದು ಹೊಸ ಕ್ಷಣ!' ಎಂದು ತಿಳಿಸಿ, ಜಾರ್ಲತ್‌ನ ಹೆಸರಿನ ಮೇಲೆ ಬಣ್ಣದ ಕಾಗದದ ಚೂರು ಉದುರಿಸಿ, ಇದು ನಿಮಗೆ ಇಷ್ಟವಾಯಿತೇ ಎಂದು ಕೇಳಿತು. ಓದುವ ಕನ್ನಡಕ ಹುಡುಕುವ ಗಡಿಬಿಡಿಯಲ್ಲಿ ಬೆರಳು ತಗುಲಿ ನಾನು ಇಷ್ಟವಾಯಿತು ಎಂದೂ ಒತ್ತಿದ್ದೇನೆ; ಅದನ್ನು ವಾಪಸು ಪಡೆಯುವ ಬಗೆ ತಿಳಿಸಿದರೆ ಉಪಕಾರವಾದೀತು.

ಜಾರ್ಲತ್ ಮೂವತ್ತೆಂಟು ವರ್ಷ ಅಂಚೆ ಹಂಚಿದವನು. ಯಾರ ಮಣ್ಣನ್ನೂ ತಪ್ಪಿಸಿದವನಲ್ಲ, ಮಳೆಯಲ್ಲಿ ಟೋಪಿ ತೆಗೆದು ಕಡೆಯ ತನಕ ನಿಲ್ಲುತ್ತಿದ್ದವನು. ಅಂಥವನ ಮಣ್ಣಿಗೆ ನಾನೂರೈವತ್ತು ಜನ ಬರುತ್ತಾರೆಂದು ಅವನ ಹೆಂಡತಿ ಫಿಲೋಮಿನಾ ಬ್ರೆಡ್ಡು ಸಿದ್ಧಮಾಡಿಸಿದಳಂತೆ. ಬಂದವರು ಅರವತ್ತು ಜನ. ಉಳಿದ ಬ್ರೆಡ್ಡನ್ನು ಮೂರು ದಿನ ಬೀದಿಬೀದಿಗೂ ಹಂಚಿದಳು, ಶಾಲೆಗೂ ಕಳಿಸಿದಳು. ಚರ್ಚ್ ಬೀದಿಯಲ್ಲಿ ಹನ್ನೊಂದು ಮನೆಗೆ ಬಂತು, ಹನ್ನೆರಡನೆಯ ಮನೆಗೆ ಬರಲಿಲ್ಲ. ಹನ್ನೆರಡನೆಯದು ನನ್ನದು.

ಫಿಲೋಮಿನಾ ಮತ್ತು ನಾನು ಎಕ್ಸ್‌ಚೇಂಜಿನಲ್ಲಿ ಅಕ್ಕಪಕ್ಕದ ಕುರ್ಚಿಯವರು. ಹತ್ತೊಂಬತ್ತು ವರ್ಷ ಒಂದೇ ಡಬ್ಬಿಯಲ್ಲಿ ಊಟ ಮಾಡಿದೆವು, ಊರಿನ ಗುಟ್ಟುಗಳನ್ನೆಲ್ಲ ಒಟ್ಟಿಗೆ ಕೇಳಿ ಒಟ್ಟಿಗೆ ಬಾಯಿ ಮುಚ್ಚಿಕೊಂಡೆವು. ಎಕ್ಸ್‌ಚೇಂಜು ಮುಚ್ಚಿದ ಮೇಲೂ ದಿನಕ್ಕೊಮ್ಮೆ ಅವಳು ಇಲ್ಲಿಗೆ, ಇಲ್ಲವೇ ನಾನು ಅಲ್ಲಿಗೆ. ಅದು ನಿಂತದ್ದು ಎರಡು ಸಾವಿರದ ಒಂಬತ್ತರಲ್ಲಿ, ತಮ್ಮ ಕೇಂದ್ರದ ಮೊದಲ ಮರುನಾಮಕರಣದ ದಿನ.

ಆ ದಿನದ ಸಂಭ್ರಮಕ್ಕೆಂದು ಕೆ-ತೊಂಬತ್ತಾರಿನವರು ಕಂದು ಬ್ರೆಡ್ಡಿನ ಸ್ಪರ್ಧೆ ಏರ್ಪಡಿಸಿದರು. ಬ್ರೆಡ್ಡಿನ ಬಣ್ಣ ಕಾಣದ, ರುಚಿ ತಿಳಿಯದ ರೇಡಿಯೋದಲ್ಲಿ ಅದನ್ನು ಪ್ರಸಾರ ಮಾಡುವುದು ಹೇಗೆಂಬ ಪ್ರಶ್ನೆ ಬಂದಾಗ ಪಾದ್ರಿಗಳೇ ಉಪಾಯ ಹೇಳಿದರು: ಮೈಕಿನ ಪಕ್ಕದಲ್ಲೇ ಕೊಯ್ಯಿರಿ, ಕೇಳಿಸಲಿ. ಮೂವತ್ತೊಂದು ಬ್ರೆಡ್ಡು ಬಂದವು, ಒಂದೊಂದಕ್ಕೂ ನಂಬರಿನ ಚೀಟಿ. ಚೀಟಿಗಳ ಮೇಲೆ ಕೇಂದ್ರದ ಹಳೆಯ ಹೆಸರು ಅಚ್ಚಾಗಿದೆಯೆಂದು ಯಾರೋ ಮೇಲಧಿಕಾರಿ ಕೊನೆಯ ಗಳಿಗೆಯಲ್ಲಿ ಎಲ್ಲವನ್ನೂ ಕೀಳಿಸಿ, ಹೊಸ ಹೆಸರಿನ ಚೀಟಿ ಅಂಟಿಸಿದರು.

ನಾನು ಮನೆಯಲ್ಲಿ ರೇಡಿಯೋದ ಮುಂದೆ ಕೂತು ಕೇಳುತ್ತಿದ್ದೆ. ನನ್ನ ಬ್ರೆಡ್ಡನ್ನು ಒಲೆಯಿಂದ ತೆಗೆದ ಕೂಡಲೆ ಟವಲಿನಲ್ಲಿ ಸುತ್ತಿಡುತ್ತೇನೆ, ಅದರ ಮೇಲ್ಪದರ ಮೆತ್ತಗೆ, ಕೊಯ್ದರೆ ಸದ್ದೇ ಬರುವುದಿಲ್ಲ. ಫಿಲೋಮಿನಾ ಸುತ್ತುವುದಿಲ್ಲ, ಕಿಟಕಿಯ ಬಳಿ ಬರಿದೇ ಇಡುತ್ತಾಳೆ, ಕತ್ತಿ ತಾಗಿದರೆ ಕರಕ್ ಎನ್ನುತ್ತದೆ. ಆ ಕರಕ್ ಎಂಬ ಸದ್ದು ನನ್ನ ಅಡುಗೆಮನೆಯಲ್ಲಿ ತುಂಬಿತು, ಅದರ ಹಿಂದೆಯೇ, "ಮೊದಲ ಬಹುಮಾನ, ಒಂಬತ್ತನೇ ನಂಬರು, ಡೀಲಿಯಾ ಕ್ವಿಲ್ಟಿ!" ಎಂದರು. ನನಗೆ ತಕ್ಷಣ ಗೊತ್ತಾಯಿತು. ಎರಡು ಬೀದಿ ಆಚೆ ಅವಳಿಗೂ ಗೊತ್ತಾಗಿತ್ತು.

ಬಹುಮಾನ ಒಂದು ಟೋಸ್ಟರು. ಸಂಜೆ ಅವರ ಕಾರು ಅದನ್ನು ತಂದುಕೊಟ್ಟಾಗ ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು, ನಾನು ನಕ್ಕು ತೆಗೆದುಕೊಂಡೆ. ಆಮೇಲೆ ಫಿಲೋಮಿನಾ ಬಂದಳು. ಮೇಜಿನ ಮೇಲೆ ಟೋಸ್ಟರು ಕೂತಿತ್ತು. ನಾನು, "ಬಾರೇ, ಚಾ ಕುಡಿ," ಎಂದೆ. ಅವಳು ಅದನ್ನೇ ಸ್ವಲ್ಪ ಹೊತ್ತು ನೋಡಿ, "ಚೆನ್ನಾಗಿ ಕರಕ್ ಅಂತು ಕಣೇ ನಿನ್ನ ಬ್ರೆಡ್ಡು," ಎಂದು ತಿರುಗಿ ಹೊರಟುಹೋದಳು. ಹೌದು ಕಣೇ, ಅದು ನಿನ್ನದೇ, ಎಂಬ ನಾಲ್ಕು ಮಾತು ನನ್ನ ಗಂಟಲಿನ ತನಕ ಬಂದು ಅಲ್ಲಿಯೇ ಕೂತವು. ಅಂದಿನಿಂದ ಹದಿನೈದು ವರ್ಷ ಅಲ್ಲಿಯೇ ಕೂತಿವೆ. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ: ಆ ಬಹುಮಾನ ನನ್ನದಲ್ಲ. ಟೋಸ್ಟರಿನ ಡಬ್ಬಿಯನ್ನು ಈ ತನಕ ಬಿಚ್ಚಿಲ್ಲ, ಬಟ್ಟೆಯ ಬೀರುವಿನಲ್ಲಿ ಚಳಿಗಾಲದ ಕಂಬಳಿಗಳ ಹಿಂದೆ ಇದೆ.

ಅವಳ ಬಾಗಿಲು ತಟ್ಟಿ ಹೇಳಿಬಿಡಬಾರದಿತ್ತೇ ಎಂದು ತಾವು ಕೇಳುವಿರಿ. ತಾವು ಡಬ್ಲಿನ್ನಿನವರು. ಬಾಗಿಲು ತಟ್ಟಿದರೆ ಅದು ತೆರೆಯುತ್ತದೆ, ತೆರೆದರೆ ಮಾತಾಡಬೇಕಾಗುತ್ತದೆ, ಮಾತಾಡಿದರೆ ಎಲ್ಲಿಂದ ಶುರುಮಾಡುವುದು? ಅದಕ್ಕೆಂದೇ ನಮ್ಮಲ್ಲಿ ಮಣ್ಣಿನ ಸಾಲು ಇದೆ. ಇಗರ್ಜಿಯ ಮುಂದಿನ ಬೆಂಚಿನಲ್ಲಿ ಮನೆಯವರು ಕೂರುತ್ತಾರೆ, ಊರು ಸಾಲಾಗಿ ಹೋಗಿ ಒಬ್ಬೊಬ್ಬರ ಕೈ ಹಿಡಿದು, "ನಿಮಗೆ ಹೀಗಾಗಬಾರದಿತ್ತು," ಎಂದು ಮುಂದೆ ಸರಿಯುತ್ತದೆ. ಗಡಿಕಲ್ಲಿನ ಜಗಳ, ದಾಯಾದಿ ಜಗಳ, ಯಾವುದೇ ಇರಲಿ, ಆ ಸಾಲಿನಲ್ಲಿ ಬಂದ ಕೈಯನ್ನು ಹಿಡಿಯದವರು ನಮ್ಮೂರಿನಲ್ಲಿ ಹುಟ್ಟಿಲ್ಲ. ಹಿಡಿದ ಮೇಲೆ ಮಾರನೆಯ ದಿನ ಬೀದಿಯಲ್ಲಿ ಸಿಕ್ಕಿದರೆ ಮಳೆಯ ಬಗ್ಗೆ ಮಾತಾಡಬಹುದು, ಅದರ ಮರುದಿನ ಚಹಾ. ಒಳ್ಳೆಯವರ ಸಾವನ್ನು ಯಾರೂ ಕಾಯುವುದಿಲ್ಲ, ನಾನೂ ಕಾದವಳಲ್ಲ. ಆದರೆ ನನ್ನ ಮನೆಯಲ್ಲೋ ಅವಳ ಮನೆಯಲ್ಲೋ ಎಂದಾದರೊಂದು ದಿನ ಆ ಸಾಲು ನಿಲ್ಲುತ್ತದೆ, ಆಗ ಕೈ ಕೊಟ್ಟುಬಿಡೋಣ ಎಂದುಕೊಂಡು ಹದಿನೈದು ವರ್ಷ ಒಂಬತ್ತು ಎಂಟಕ್ಕೆ ಕೆಟಲು ಇಳಿಸಿದ್ದೇನೆ. ಸಾಲು ನಿಂತಿತು, ಮಾನ್ಯರೇ. ಆ ಹೊತ್ತಿನಲ್ಲಿ ನಾನು ಇಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದೆ, ತಮ್ಮ ಕಪ್ಪು ಕನ್ನಡಕ ಹಾಕಿಕೊಂಡು.

ಈಗ ಫಿಲೋಮಿನಾ ಏನೆಂದುಕೊಂಡಿದ್ದಾಳೆ? ಗಂಡ ಸತ್ತರೂ ಡೀಲಿಯಾ ಬರಲಿಲ್ಲ ಎಂದುಕೊಂಡಿದ್ದಾಳೆ. ಊರು ತನ್ನ ಗಂಡನನ್ನು ಅರವತ್ತು ಜನಕ್ಕೆ ಇಳಿಸಿತು ಎಂದೂ ಅಂದುಕೊಂಡಿರಬಹುದು, ಅದನ್ನು ನೆನೆದರೆ ನನಗೆ ಇನ್ನೂ ಹೆಚ್ಚು ನೋವಾಗುತ್ತದೆ. ಅವಳ ಗೇಟಿನ ತನಕ ಎರಡು ಸಲ ಹೋಗಿ ಬಂದಿದ್ದೇನೆ. ಎರಡನೆಯ ಸಲ ಒಳಗಿನಿಂದ ಬ್ರೆಡ್ಡು ಕೊಯ್ಯುವ ಸದ್ದು ಕೇಳಿಸಿ, ಚಿಲಕಕ್ಕೆ ಇಟ್ಟ ಕೈ ತೆಗೆದು ತಿರುಗಿದೆ.

ಆದಕಾರಣ ತಮ್ಮಲ್ಲಿ ಕೆಲವು ಅಲ್ಪ ಬೇಡಿಕೆಗಳು. 'ತಪ್ಪಿಸಿಕೊಂಡಿರಾ? ಚಿಂತೆ ಬೇಡ, ಏಳು ದಿನದೊಳಗೆ ಆ್ಯಪ್‌ನಲ್ಲಿ ಮತ್ತೆ ಪಡೆಯಿರಿ!' ಎಂದು ತಮ್ಮ ಕೇಂದ್ರ ಅರ್ಧ ಗಂಟೆಗೊಮ್ಮೆ ಸಾರುತ್ತಿದೆ. ನಾನು ಜಾರ್ಲತ್ ಟೂಹಿಯ ಮಣ್ಣು ತಪ್ಪಿಸಿಕೊಂಡಿದ್ದೇನೆ. ಆ ಗುರುವಾರವನ್ನು ಇಗರ್ಜಿ, ಸಾಲು, ಪಾದ್ರಿಗಳ ಉದ್ದನೆಯ ಪ್ರಸಂಗ ಸಮೇತ ಮತ್ತೆ ಒದಗಿಸಬೇಕು. ಏಳು ದಿನ ಮೀರಿದೆ ಎನ್ನಬೇಡಿ, ತಮ್ಮ ಆ್ಯಪ್ ತಿಳಿಸಿದ್ದೇ ಒಂಬತ್ತನೆಯ ದಿನ. ಅದು ತಮ್ಮ ಕೈಲಾಗದಿದ್ದರೆ, ಆ್ಯಪ್ ಪೂರ್ಣ ಸುಧಾರಿಸುವ ತನಕ ನಮ್ಮ ಕೌಂಟಿಯಲ್ಲಿ ಮೂವತ್ತನಾಲ್ಕು ದಾಟಿದವರು ಯಾರೂ ಸಾಯದಂತೆ ಸಂಬಂಧಪಟ್ಟವರೊಡನೆ ಮಾತಾಡಿ ಏರ್ಪಾಡು ಮಾಡಿಸಬೇಕು. ಎಂಟು ತಿಂಗಳಲ್ಲಿ ವೂಶ್! ಎಂಬುದನ್ನು ಸಾಧಿಸಿದ ತಮಗೆ ಇದು ದೊಡ್ಡ ಮಾತಲ್ಲ. ಅದೂ ಆಗದಿದ್ದರೆ ಒಂದೇ ಒಂದು ಸಣ್ಣ ಕೆಲಸ. ಬರುವ ಭಾನುವಾರ ಹನ್ನೊಂದಕ್ಕೆ, ಸತ್ತ ತಿಂಗಳಿಗೆ ಮಾಡಿಸುವ ಪೂಜೆ, ಜಾರ್ಲತ್‌ನ ತಿಂಗಳ ಪೂಜೆ. ಶುಕ್ರವಾರ ಒಂಬತ್ತು ಹತ್ತಕ್ಕೆ ಅದನ್ನು ಓದಿಸಿರಿ, ಕೊನೆಯಲ್ಲಿ ಒಂದು ಉಸಿರಿನಷ್ಟು ಸುಮ್ಮನಿರಿ. ಊರು ಬರುತ್ತದೆ. ಊರು ಬಂದರೆ ನಾನೂರು ಜನರ ಹಿಂದೆ ಅಡಗಿಕೊಂಡು ನಾನೂ ಅವಳ ಮುಂದೆ ಹೋಗಿ ನಿಲ್ಲಬಹುದು.

ಇದನ್ನು ಬಹಿರಂಗ ಪತ್ರವೆಂದೇ ಬರೆದಿದ್ದೇನೆ; ಅಂದ ಮೇಲೆ ಎಲ್ಲಿಯಾದರೂ ಬಹಿರಂಗವಾಗಬೇಕಲ್ಲ. ಪತ್ರಿಕೆಯವರು ಇನ್ನೂರು ಪದಕ್ಕಿಂತ ಹೆಚ್ಚು ಹಾಕುವುದಿಲ್ಲ ಎಂದಿದ್ದಾರೆ. ಆದ್ದರಿಂದ ಇದರ ಒಂದು ಪ್ರತಿಯನ್ನು ಇಂದು ಸಂಜೆ ಕಸ್ಯಾಕ್‌ರ ಅಂಗಡಿಯ ಸೂಚನಾ ಫಲಕದಲ್ಲಿ, ಕಳೆದುಹೋದ ಬೆಕ್ಕಿನ ಚಿತ್ರದ ಪಕ್ಕದಲ್ಲಿ ಚುಚ್ಚಿ ಬರುತ್ತೇನೆ. ಮೇವಿನ ಅಂಗಡಿ ಈಗ ಸೂಪರ್‌ಮಾರ್ಕೆಟ್ಟಾಗಿದೆ, ಇಮೆಲ್ಡಾ ಅಲ್ಲಿ ಎರಡನೆಯ ಕೌಂಟರಿನಲ್ಲಿ ಬಿಲ್ಲು ಮಾಡುತ್ತಾಳೆ. ಅವಳು ಹುಟ್ಟಿಸಿದ ಮೌನ ಅವಳ ತಲೆಯ ಮೇಲಿನ ಅದೇ ಅಟ್ಟದಲ್ಲಿ, ನನ್ನ ಹದಿನಾಲ್ಕು ಮೊಟ್ಟೆಯ ಟ್ರೇಗಳ ನಡುವೆ ಇನ್ನೂ ಇದ್ದರೂ ಇರಬಹುದು.

ತಮಗೂ ತಮ್ಮ ಸಮಸ್ತ ಸಿಬ್ಬಂದಿಗೂ ಆಯುರಾರೋಗ್ಯವನ್ನು, ವಿಶೇಷವಾಗಿ ಆಯುಸ್ಸನ್ನು ಹಾರೈಸುತ್ತೇನೆ. ತೀರಿಕೊಂಡರೆ ನಮಗೆ ತಿಳಿಯುವುದು ತಡವಾದೀತು.

ಇತಿ, ಹಿಂದಿನ ಮೂರು ಹೆಸರುಗಳಿಗೂ ನಿಷ್ಠಳಾಗಿದ್ದು ನಾಲ್ಕನೆಯದಕ್ಕೆ ಪ್ರಯತ್ನಿಸುತ್ತಿರುವ,

ತಮ್ಮ ವಿಶ್ವಾಸಿ,
ಡೀಲಿಯಾ ಕ್ವಿಲ್ಟಿ

ಮರೆತ ಮಾತು: ಇಂದು ಶುಕ್ರವಾರ. ತಮ್ಮ ಆ್ಯಪ್‌ನಲ್ಲಿ ಕಚೇರಿಯ ವಿಳಾಸ ಎಲ್ಲಿಯೂ ಇಲ್ಲದೆ, ನಗುತ್ತಿರುವ ಹುಡುಗಿಯ ಚಿತ್ರ ಮಾತ್ರ ಇದ್ದುದರಿಂದ ಪತ್ರ ನಾಲ್ಕು ದಿನ ಮೇಜಿನ ಮೇಲೆಯೇ ಉಳಿಯಿತು. ಕೊನೆಗೆ ವಿಳಾಸ ಕಪ್ಪು ಕನ್ನಡಕದ ಚೀಲದ ಒಳಗೆ ಸಿಕ್ಕಿತು. ಅಷ್ಟರಲ್ಲಿ ಫಲಕದ ಪ್ರತಿಯನ್ನು ಊರು ಓದಿ ಮುಗಿಸಿದೆ. ತಾವು ಬಂದ ಮೇಲೆ ಹ್ಯಾಮ್ ಖರ್ಚಾಗದೆ ಕಂಗಾಲಾಗಿದ್ದ ಕಸ್ಯಾಕ್ ಸಾಹೇಬರೂ ಓದಿದರು. ಇವತ್ತು ಬೆಳಿಗ್ಗೆ ಒಂಬತ್ತು ಹತ್ತಕ್ಕೆ, ಎರಡನೆಯ ಕೌಂಟರಿಗೆ ಚಿಲ್ಲರೆ ಬೇಕು ಎಂದು ಕೂಗುವ ಮೈಕನ್ನು ಅವರು ಇಮೆಲ್ಡಾಳ ಕೈಗೆ ಕೊಟ್ಟರು. ನಾನು ಹಿಟ್ಟಿನ ಸಾಲಿನಲ್ಲಿದ್ದೆ. ಅವಳು ಇಬ್ಬರ ನಿಧನ ವಾರ್ತೆ ಓದಿ, ಆಮೇಲೆ ಫಿಲೋಮಿನಾ ತನ್ನ ಕೈಯಾರೆ ಬರೆದು ಕಳಿಸಿದ ಚೀಟಿ ಓದಿದಳು: "ಜಾರ್ಲತ್ ಟೂಹಿಯವರ ತಿಂಗಳ ಪೂಜೆ ಭಾನುವಾರ ಹನ್ನೊಂದಕ್ಕೆ. ಮಣ್ಣಿಗೆ ಬಂದವರಿಗೂ, ಗೊತ್ತಾಗಿದ್ದರೆ ಬರುತ್ತಿದ್ದವರಿಗೂ ಮನೆಯವರ ವಂದನೆಗಳು. ಪೂಜೆಯಾದ ಮೇಲೆ ಮನೆಯಲ್ಲಿ ಚಹಾ ಇರುತ್ತದೆ. ಬ್ರೆಡ್ಡು ಡೀಲಿಯಾ ಕ್ವಿಲ್ಟಿಯವರದು. ಈ ಸಲ ಅವರದೇ."

ಇಮೆಲ್ಡಾ ಒಂದು ಉಸಿರಿನಷ್ಟು ಸುಮ್ಮನಿದ್ದಳು. ನಾನು ಆರು ಸೇರು ಹಿಟ್ಟು, ಎರಡು ಡಬ್ಬಿ ಮಜ್ಜಿಗೆ ತೆಗೆದುಕೊಂಡು ಮನೆಗೆ ಬಂದು ಅಳುತ್ತ ಈ ಸಾಲು ಬರೆಯುತ್ತಿದ್ದೇನೆ. ಟೋಸ್ಟರನ್ನೂ ಬೀರುವಿನಿಂದ ಇಳಿಸಿ ಬಾಗಿಲ ಬಳಿ ಇಟ್ಟಿದ್ದೇನೆ. ತಾವೂ ಅಗತ್ಯವಾಗಿ ಬರಬೇಕು, ಮಾನ್ಯರೇ. ಮನೆ ಎಲ್ಲಿ ಎಂಬುದು ತಮ್ಮ ಆ್ಯಪ್‌ನಲ್ಲಿ ಸಿಗುತ್ತದೆ.